ಎಂಟು ಕೋರ್, ಹದಿನಾರು ಥ್ರೆಡ್: ದುಡಿಮೆಯೂ ಇಮ್ಮಡಿಯೇ?

ಕಂಪ್ಯೂಟರ್ ಕೊಳ್ಳಲು ಹೊರಟವರ ಕೈಗೆ ಸಿಗುವ ವಿವರಪಟ್ಟಿಯಲ್ಲಿ ಎರಡು ಸಂಖ್ಯೆಗಳು ಅಕ್ಕಪಕ್ಕ ಇರುತ್ತವೆ: 8 ಕೋರ್, 16 ಥ್ರೆಡ್. ಮೊದಲನೆಯದಕ್ಕಿಂತ ಎರಡನೆಯದು ದೊಡ್ಡದಾದ್ದರಿಂದ ಕಣ್ಣು ಅದರ ಮೇಲೆಯೇ ನಿಲ್ಲುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೂ ಹದಿನಾರು ಪ್ರೊಸೆಸರ್‌ಗಳಿರುವಂತೆಯೇ ಕಾಣುತ್ತದೆ. ಹಾಗಾದರೆ ಈ ಯಂತ್ರ ಎಂಟು ಜನರ ಕೆಲಸ ಮಾಡುತ್ತದೆಯೋ, ಹದಿನಾರು ಜನರದ್ದೋ?

ಪಾಣೆಮಂಗಳೂರು, ಬಿ.ಸಿ. ರೋಡಿನಿಂದ ಬೆಳ್ತಂಗಡಿ, ಮೂಡುಬಿದಿರೆಯವರೆಗಿನ ನಮ್ಮ ಸೀಮೆಯಲ್ಲಿ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ದೀಪಾವಳಿ ಕಳೆದ ಮೇಲೆ ಹೊರಟು ಪತ್ತನಾಜೆಯವರೆಗೆ ತಿರುಗಾಟ ನಡೆಸುವ ಯಕ್ಷಗಾನ ಮೇಳಗಳ ಆಟಗಳನ್ನು ಚಿತ್ರೀಕರಿಸುವವರಿದ್ದಾರೆ. ಕಾಲಮಿತಿಯ ಆಟವಾದರೂ ಕೈಗೆ ಬರುವುದು ಗಂಟೆಗಟ್ಟಲೆಯ ದೃಶ್ಯ. ಅದನ್ನು ಕುಗ್ಗಿಸಿ ಯೂಟ್ಯೂಬಿಗೆ ಏರಿಸುವಷ್ಟರಲ್ಲಿ ಯಂತ್ರಕ್ಕೆ ಜ್ವರ ಬಂದಿರುತ್ತದೆ. ಮದುವೆಯ ವಿಡಿಯೊ ಮಾಡುವವರು, ಮನೆಯ ನಕ್ಷೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಂಜಿನಿಯರುಗಳು, ಪ್ರಾಜೆಕ್ಟಿಗಾಗಿ ಲೆಕ್ಕದ ಮಾದರಿಗಳನ್ನು ಓಡಿಸುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಇವರಿಗೆಲ್ಲ ಕಂಪ್ಯೂಟರ್ ಎಂದರೆ ದಿನದ ದುಡಿಮೆ. ಸಾಲ ಮಾಡಿ ಯಂತ್ರ ಕೊಳ್ಳುವ ಇವರಿಗೆ ಆ ಎರಡನೆಯ ಸಂಖ್ಯೆಯ ಅರ್ಥ ಸರಿಯಾಗಿ ಗೊತ್ತಿರಬೇಕು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೊಸೆಸರ್ ಆಗಾಗ ಸುಮ್ಮನೆ ಕಾಯಬೇಕಾದ ಕೆಲಸಗಳಲ್ಲಿ ಎರಡನೆಯ ಥ್ರೆಡ್ ನಿಜವಾದ ಲಾಭ ಕೊಡುತ್ತದೆ. ಪ್ರೊಸೆಸರಿಗೆ ಉಸಿರಾಡಲೂ ಬಿಡುವಿಲ್ಲದ ಲೆಕ್ಕಗಳಲ್ಲಿ ಅದರಿಂದ ಏನೂ ಸಿಗುವುದಿಲ್ಲ, ಕೆಲವೊಮ್ಮೆ ನಷ್ಟವೇ ಆಗುತ್ತದೆ. ಕೆಲಸ ಎಷ್ಟು ಭಾರ ಎನ್ನುವುದರಿಂದ ಇದು ತೀರ್ಮಾನವಾಗುವುದಿಲ್ಲ, ಆ ಭಾರ ಯಾವ ಬಗೆಯದು ಎನ್ನುವುದರಿಂದ ಆಗುತ್ತದೆ.

ಈ ತಂತ್ರದ ಹೆಸರು ಸೈಮಲ್ಟೇನಿಯಸ್ ಮಲ್ಟಿಥ್ರೆಡಿಂಗ್, ಚಿಕ್ಕದಾಗಿ ಎಸ್‌ಎಂಟಿ. ಇಂಟೆಲ್ ಕಂಪನಿ ಇದಕ್ಕೆ ಹೈಪರ್‌ಥ್ರೆಡಿಂಗ್ ಎಂದು ಹೆಸರಿಟ್ಟು ಮಾರಿತು. ಇದು ಬೇಕಾದದ್ದೇಕೆ ಎಂದು ತಿಳಿಯಲು ಒಂದು ಕೋರ್‌ನ ಒಳಗೆ ಹೊಕ್ಕು ನೋಡಬೇಕು.

ಇಂದಿನ ಕೋರ್ ಒಂದು ಗಡಿಯಾರ ಬಡಿತಕ್ಕೆ ನಾಲ್ಕರಿಂದ ಎಂಟು ಆದೇಶಗಳನ್ನು ಒಟ್ಟಿಗೆ ಮುಂದೂಡಬಲ್ಲದು. ಪೂರ್ಣಾಂಕಗಳನ್ನು ಕೂಡುವ ಘಟಕಗಳು ಬೇರೆ, ದಶಾಂಶ ಲೆಕ್ಕದವು ಬೇರೆ, ಮೆಮೊರಿಯಿಂದ ತರುವವು ಬೇರೆ. ಆದರೆ ಸಾಮಾನ್ಯ ಪ್ರೋಗ್ರಾಂ ಇವನ್ನೆಲ್ಲ ಒಟ್ಟಿಗೆ ದುಡಿಸುವುದು ಅಪರೂಪ. ಒಂದು ಲೆಕ್ಕದ ಉತ್ತರ ಬರದೆ ಮುಂದಿನದು ಶುರುವಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ತಡ ಆಗುವುದು ಮೆಮೊರಿಯಿಂದ. ಬೇಕಾದ ಮಾಹಿತಿ ಕೋರ್‌ನ ಮಗ್ಗುಲಲ್ಲೇ ಇರುವ ಮೊದಲ ಹಂತದ ಕ್ಯಾಶ್‌ನಲ್ಲಿದ್ದರೆ ನಾಲ್ಕೈದು ಬಡಿತಗಳಲ್ಲಿ ಸಿಗುತ್ತದೆ. ಅಲ್ಲಿಲ್ಲದೆ ರ್ಯಾಮ್‌ವರೆಗೆ ಹೋಗಬೇಕಾದರೆ ಹೆಚ್ಚುಕಡಿಮೆ 80ರಿಂದ 100 ನ್ಯಾನೊಸೆಕೆಂಡ್ ಬೇಕು. ಸೆಕೆಂಡಿಗೆ 300 ಕೋಟಿ ಬಾರಿ ಬಡಿಯುವ ಪ್ರೊಸೆಸರಿಗೆ ಅದು 240ರಿಂದ 300 ಬಡಿತಗಳಷ್ಟು ದೀರ್ಘ. ಮುಂದಿರುವ ನೂರಾರು ಆದೇಶಗಳಲ್ಲಿ ಯಾವುದನ್ನು ಈಗಲೇ ಮಾಡಬಹುದೆಂದು ಹುಡುಕಿ ಮಾಡುವ ಜಾಣ್ಮೆ ಇಂದಿನ ಕೋರ್‌ಗಳಿಗಿದೆ. ಆದರೂ ಅಂಥ ಒಂದು ಕಾಯುವಿಕೆಯಲ್ಲಿ ಸಾವಿರ ಆದೇಶಗಳ ಜಾಗ ಖಾಲಿ ಹೋಗಬಹುದು.

ಎರಡನೆಯ ಥ್ರೆಡ್ ಈ ಖಾಲಿ ಜಾಗದಲ್ಲಿ ಬಂದು ಕೂರುತ್ತದೆ. ಒಂದು ಸಣ್ಣ ಹೋಟೆಲಿನ ಅಡುಗೆಮನೆಯನ್ನು ಊಹಿಸಿಕೊಳ್ಳಿ. ನೀರುದೋಸೆಯ ಕಾವಲಿ ಒಂದು, ಇಡ್ಲಿಯ ಅಟ್ಟ ಒಂದು, ಚಹಾದ ಒಲೆ ಒಂದು. ಒಂದೇ ಮೇಜಿನ ಆರ್ಡರ್ ನೋಡಿಕೊಂಡು ಕೆಲಸ ಮಾಡಿದರೆ ಚಹಾ ಕುದಿಯುವಾಗ ಕಾವಲಿ ಖಾಲಿ, ದೋಸೆ ಎರೆಯುವಾಗ ಚಹಾದ ಒಲೆ ಖಾಲಿ. ಎರಡು ಮೇಜುಗಳ ಆರ್ಡರನ್ನು ಒಟ್ಟಿಗೆ ಹಿಡಿದರೆ ಅದೇ ಅಡುಗೆಮನೆಯಿಂದ ಹೆಚ್ಚು ತಟ್ಟೆಗಳು ಹೊರಬೀಳುತ್ತವೆ. ಆದರೆ ಎರಡೂ ಮೇಜಿನವರು ನೀರುದೋಸೆಯನ್ನೇ ಕೇಳಿದರೆ? ಕಾವಲಿ ಇರುವುದು ಒಂದೇ. ಮೇಜು ಎರಡಾದ ಮಾತ್ರಕ್ಕೆ ದೋಸೆ ಎರಡು ಪಟ್ಟು ಬೇಗ ಬೇಯುವುದಿಲ್ಲ. ಹಿಟ್ಟಿನ ಪಾತ್ರೆಗೆ ಇಬ್ಬರೂ ಕೈ ಹಾಕಿದರೆ ಇರುವ ವೇಗವೂ ಕುಂದುತ್ತದೆ.

ಕೋರ್‌ನ ಒಳಗೆ ನಡೆಯುವುದೂ ಇದೇ. ಎರಡು ಥ್ರೆಡ್‌ಗಳಿಗೆ ತಮ್ಮದೇ ಎನ್ನುವಂಥದ್ದು ಬಹಳ ಕಡಿಮೆ: ಯಾವ ಆದೇಶದವರೆಗೆ ಬಂದಿದ್ದೇನೆ ಎಂಬ ಗುರುತು, ಒಂದಿಷ್ಟು ರಿಜಿಸ್ಟರ್‌ಗಳ ಸ್ಥಿತಿ. ಲೆಕ್ಕದ ಘಟಕಗಳು, ಕ್ಯಾಶ್, ಮೆಮೊರಿಗೆ ಹೋಗುವ ದಾರಿ ಎಲ್ಲವೂ ಹಂಚಿಕೆಯವು. ಆದ್ದರಿಂದಲೇ ಇದು ಅಗ್ಗದ ತಂತ್ರ. ಮೊದಲ ಹೈಪರ್‌ಥ್ರೆಡಿಂಗ್ ಪ್ರೊಸೆಸರುಗಳನ್ನು ಹೊರತಂದಾಗ ಇಂಟೆಲ್ ತಾನೇ ಹೇಳಿದ ಲೆಕ್ಕದಂತೆ ಚಿಪ್‌ನ ವಿಸ್ತೀರ್ಣ ಹೆಚ್ಚಿದ್ದು ಶೇ. 5ಕ್ಕಿಂತ ಕಡಿಮೆ, ಸರ್ವರ್ ಕೆಲಸಗಳಲ್ಲಿ ಲಾಭ ಹೆಚ್ಚೆಂದರೆ ಶೇ. 30ರ ಹತ್ತಿರ. ಶೇ. 100 ಎಂದು ತಯಾರಕರೇ ಹೇಳಿರಲಿಲ್ಲ. ಎರಡು ಪಟ್ಟು ಎಂಬ ಭಾವನೆ ಹುಟ್ಟಿದ್ದು ಪರದೆಯ ಮೇಲೆ ಕಾಣುವ ಸಂಖ್ಯೆಯಿಂದ.

ಈ ವಿಚಾರಕ್ಕೆ ಸ್ಪಷ್ಟ ರೂಪ ಸಿಕ್ಕಿದ್ದು 1995ರಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೀನ್ ಟಲ್ಸೆನ್, ಸೂಸನ್ ಎಗರ್ಸ್, ಹೆನ್ರಿ ಲೆವಿ ಪ್ರಬಂಧವೊಂದನ್ನು ಮಂಡಿಸಿ ಇದಕ್ಕೆ ಇಂದಿನ ಹೆಸರನ್ನು ಕೊಟ್ಟರು. ಒಂದು ಕೋರ್‌ಗೆ ನಾಲ್ಕು ಥ್ರೆಡ್ ಇರಬೇಕಿದ್ದ ಆಲ್ಫಾ ಚಿಪ್ 2001ರಲ್ಲಿ ಅರ್ಧಕ್ಕೇ ನಿಂತಿತು. 2002ರಲ್ಲಿ ಇಂಟೆಲ್‌ನ ಜಿಯಾನ್, ಅದೇ ವರ್ಷದ ಕೊನೆಗೆ 3.06 ಗಿಗಾಹರ್ಟ್ಸ್‌ನ ಪೆಂಟಿಯಂ 4, ಹೀಗೆ ಇದು ಮನೆಮನೆಗೆ ಬಂತು. ಐಬಿಎಂ 2004ರ ಪವರ್5ನಲ್ಲಿ ಎರಡು ಥ್ರೆಡ್‌ಗಳಿಂದ ಶುರುಮಾಡಿ 2014ರ ಪವರ್8ನಲ್ಲಿ ಒಂದು ಕೋರ್‌ಗೆ ಎಂಟರವರೆಗೆ ಹೋಯಿತು. ಎಎಂಡಿ 2017ರ ರೈಜೆನ್‌ನಿಂದ ಈ ದಾರಿಗೆ ಬಂತು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಇಂಟೆಲ್‌ನ ಬೆಂಗಳೂರು ತಂಡಕ್ಕೆ ಒಮ್ಮೆ ಸರ್ವರ್ ಪ್ರೊಸೆಸರ್ ಒಂದನ್ನು ವಿನ್ಯಾಸ ಮಾಡುವ ಹೊಣೆ ಬಂದಿತ್ತು. ಅದರ ಸಂಕೇತನಾಮ ಬೆಂಗಳೂರಿನದೇ ಬಡಾವಣೆಯದು, ವೈಟ್‌ಫೀಲ್ಡ್. 2005ರಲ್ಲಿ ಆ ಯೋಜನೆ ರದ್ದಾಯಿತು. ತಂಡ ಎದೆಗುಂದಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಅದೇ ಬೆಂಗಳೂರಿನಿಂದ ಡನಿಂಗ್ಟನ್ ಎಂಬ ಸಂಕೇತನಾಮದ ಜಿಯಾನ್ 7400 ಸರಣಿ ಹೊರಬಂತು. ಒಂದೇ ಚಿಪ್‌ನಲ್ಲಿ ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್, 16 ಮೆಗಾಬೈಟ್‌ನ ಮೂರನೆಯ ಹಂತದ ಕ್ಯಾಶ್. ಈ ಚರ್ಚೆಗೆ ಬೇಕಾದ ಸಂಗತಿಯೆಂದರೆ ಅದರಲ್ಲಿ ಹೈಪರ್‌ಥ್ರೆಡಿಂಗ್ ಇರಲಿಲ್ಲ. ಆರು ಕೋರ್ ಎಂದರೆ ಆರೇ ಥ್ರೆಡ್. ಎರಡೇ ತಿಂಗಳಲ್ಲಿ ಬಂದ ನೆಹಾಲೆಮ್ ಪೀಳಿಗೆ ಹೈಪರ್‌ಥ್ರೆಡಿಂಗನ್ನು ಮರಳಿ ತಂದಿತು. ಅದರೊಂದಿಗೇ ಮೆಮೊರಿ ನಿಯಂತ್ರಕವನ್ನು ಪ್ರೊಸೆಸರಿನ ಒಳಗೇ ಇಟ್ಟು ಮೆಮೊರಿಯ ದಾರಿಯನ್ನು ಅಗಲ ಮಾಡಿತು. ಎರಡೂ ಒಟ್ಟಿಗೆ ಬಂದದ್ದು ಆಕಸ್ಮಿಕವಲ್ಲ. ಇಕ್ಕಟ್ಟಾದ ದಾರಿಯಲ್ಲಿ ಥ್ರೆಡ್‌ಗಳನ್ನು ಹೆಚ್ಚಿಸಿದರೆ ಅವು ಒಂದರ ಹಿಂದೆ ಒಂದು ಸಾಲು ನಿಲ್ಲುತ್ತವೆ, ಅಷ್ಟೇ.

ಈಗ ನಮ್ಮ ಕೆಲಸಗಳನ್ನು ಒಂದೊಂದಾಗಿ ನೋಡೋಣ.

ಯಕ್ಷಗಾನದ ವಿಡಿಯೊವನ್ನು ಪ್ರೊಸೆಸರಿನಿಂದಲೇ ಕುಗ್ಗಿಸುವವರಿಗೆ ಎಸ್‌ಎಂಟಿಯಿಂದ ಸಾಮಾನ್ಯವಾಗಿ ಲಾಭವಿದೆ. ಕುಗ್ಗಿಸುವ ಪ್ರೋಗ್ರಾಂ ಹಿಂದಿನ ಚೌಕಟ್ಟಿಗೂ ಈಗಿನದಕ್ಕೂ ಹೋಲಿಕೆ ಹುಡುಕುತ್ತದೆ. ಬಣ್ಣದ ವೇಷ ಗಿರಕಿ ಹೊಡೆದಾಗ ಯಾವ ಭಾಗ ಎಲ್ಲಿಗೆ ಸರಿಯಿತೆಂದು ಲೆಕ್ಕ ಹಾಕುತ್ತದೆ. ಹೀಗೋ ಹಾಗೋ ಎಂಬ ಕವಲುಗಳು ಇದರಲ್ಲಿ ಬಹಳ. ಪ್ರೊಸೆಸರ್ ತಪ್ಪು ಕವಲನ್ನು ಊಹಿಸಿ ಹಿಂದಕ್ಕೆ ಬರುವ ಹೊತ್ತಿನಲ್ಲಿ ಎರಡನೆಯ ಥ್ರೆಡ್ ಮುಂದುವರಿಯುತ್ತದೆ. ಮೂರು ಆಯಾಮದ ಚಿತ್ರವನ್ನು ರೆಂಡರ್ ಮಾಡುವುದರಲ್ಲೂ ಲಾಭವಿದೆ. ಬೆಳಕಿನ ಪ್ರತಿಯೊಂದು ಕಿರಣವೂ ಮೆಮೊರಿಯ ಬೇರೆ ಬೇರೆ ಮೂಲೆಗಳನ್ನು ತಡಕುವುದರಿಂದ ಅಲ್ಲಿ ಕಾಯುವ ಹೊತ್ತು ಬಹಳ. ಶೇ. 20, 25ರಷ್ಟು ಹೆಚ್ಚು ಕೆಲಸ ಹೊರಬರುವುದು ಇಂಥಲ್ಲಿ ಅಪರೂಪವಲ್ಲ. ದೊಡ್ಡ ಸಾಫ್ಟ್‌ವೇರನ್ನು ಕಂಪೈಲ್ ಮಾಡುವುದು, ನೂರಾರು ಜನರಿಗೆ ಏಕಕಾಲಕ್ಕೆ ಉತ್ತರಿಸುವ ವೆಬ್ ಸರ್ವರ್, ಬ್ಯಾಂಕು ಸೊಸೈಟಿಗಳ ಡೇಟಾಬೇಸ್, ಇವೂ ಇದೇ ಸಾಲಿನವು. ಇಲ್ಲೆಲ್ಲ ಎಸ್‌ಎಂಟಿ ತನ್ನ ಶೇ. 5ರ ಬೆಲೆಯನ್ನು ಹಲವು ಪಟ್ಟು ತೀರಿಸುತ್ತದೆ.

ಇದಕ್ಕೆ ವಿರುದ್ಧ ತುದಿಯಲ್ಲಿ ಮ್ಯಾಟ್ರಿಕ್ಸ್ ಗುಣಾಕಾರದಂಥ ಲೆಕ್ಕಗಳಿವೆ. ಜಗತ್ತಿನ ಸೂಪರ್‌ಕಂಪ್ಯೂಟರ್‌ಗಳ ಟಾಪ್500 ಪಟ್ಟಿಗೆ ಅಳತೆಗೋಲಾಗಿರುವ ಲಿನ್‌ಪ್ಯಾಕ್ ಪರೀಕ್ಷೆ ಈ ಬಗೆಯದು. ಇದರ ಪ್ರೋಗ್ರಾಂ ಬರೆದವರು ಮಾಹಿತಿಯನ್ನು ಕ್ಯಾಶ್‌ಗೆ ಹೊಂದುವಂತೆ ತುಂಡು ಮಾಡಿ, ಗುಣಾಕಾರದ ಘಟಕ ಒಂದು ಬಡಿತವೂ ಖಾಲಿ ಇರದಂತೆ ಹೆಣೆದಿರುತ್ತಾರೆ. ಎರಡನೆಯ ಥ್ರೆಡ್‌ಗೆ ಅಲ್ಲಿ ಜಾಗವೇ ಇಲ್ಲ. ಮೇಲಾಗಿ ಕ್ಯಾಶ್ ಇಬ್ಬರ ನಡುವೆ ಹರಿದು ಹಂಚಿಹೋಗಿ, ತುಂಡುಗಳು ಹೊಂದದೆ ವೇಗ ಇಳಿಯುತ್ತದೆ. ಆದ್ದರಿಂದ ಇಂಥ ಲೆಕ್ಕಗಳನ್ನು ಕೋರ್‌ಗೆ ಒಂದೇ ಥ್ರೆಡ್ ಇಟ್ಟು ಓಡಿಸುವುದು ರೂಢಿ.

ಮೂರನೆಯ ಬಗೆಯೊಂದಿದೆ. ನೇತ್ರಾವತಿಯ ದಡದಲ್ಲಿರುವ ನಮಗೆ ಅದೇ ಹೆಚ್ಚು ಮುಖ್ಯ. ಅದು ಹವಾಮಾನದ ಲೆಕ್ಕ.

1923ರ ಆಗಸ್ಟ್‌ನ ನೆರೆಯನ್ನು ನಮ್ಮ ಹಿರಿಯರು ಮಾರಿಬೊಳ್ಳ ಎಂದು ಕರೆದರು. ಪಾಣೆಮಂಗಳೂರು, ಬಂಟ್ವಾಳದ ಪೇಟೆಗಳು ಅಂದು ನೀರಿನಡಿ ಹೋದವು. 1974ರ ಜುಲೈಯಲ್ಲಿ ಮತ್ತೆ ದೊಡ್ಡ ನೆರೆ ಬಂತು. ಚಾರ್ಮಾಡಿ, ಕುದುರೆಮುಖದ ಕಡೆಯ ಘಟ್ಟದಲ್ಲಿ ಮಳೆ ಹೊಯ್ದರೆ ಆ ನೀರು ಧರ್ಮಸ್ಥಳ ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ನಮ್ಮ ಬಾಗಿಲಿಗೆ ಬರುತ್ತದೆ. ಘಟ್ಟದಲ್ಲಿ ನಾಳೆ ಎಷ್ಟು ಮಳೆ ಎಂಬುದು ಇಂದೇ ತಿಳಿದರೆ ಅಂಗಡಿಯ ಸರಕನ್ನು ಮೇಲಕ್ಕೆ ಏರಿಸಬಹುದು, ದನಗಳನ್ನು ಎತ್ತರದ ಜಾಗಕ್ಕೆ ಕಟ್ಟಬಹುದು. ಆ ಮುನ್ಸೂಚನೆಯ ಹಿಂದೆ ದುಡಿಯುವುದು ಸೂಪರ್‌ಕಂಪ್ಯೂಟರ್‌ಗಳೇ.

ಹವಾಮಾನದ ಮಾದರಿ ವಾತಾವರಣವನ್ನು ಚೌಕಗಳಾಗಿ, ಒಂದರ ಮೇಲೊಂದು ಪದರಗಳಾಗಿ ಕತ್ತರಿಸಿಕೊಳ್ಳುತ್ತದೆ. ಪ್ರತಿ ತುಂಡಿನ ಗಾಳಿ, ಒತ್ತಡ, ತೇವ, ಉಷ್ಣತೆಯನ್ನು ಪಕ್ಕದ ತುಂಡುಗಳ ಜೊತೆ ಲೆಕ್ಕ ಹಾಕಿ ಕಾಲವನ್ನು ಒಂದು ಹೆಜ್ಜೆ ಮುಂದೆ ಸರಿಸುತ್ತದೆ. ಈಚಿನವರೆಗೆ ಭಾರತದ ಜಾಗತಿಕ ಮಾದರಿಯ ಚೌಕದ ಬದಿ ಸುಮಾರು 12 ಕಿ.ಮೀ. ಇತ್ತು. ಚಾರ್ಮಾಡಿ ಘಟ್ಟದಿಂದ ಪಾಣೆಮಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 50 ಕಿ.ಮೀ. ಅಷ್ಟರೊಳಗೆ ಕಡಿದಾದ ಘಟ್ಟ, ಕಾಡು, ಬಯಲು ಎಲ್ಲ ಇದ್ದರೂ ಮಾದರಿಯ ಕಣ್ಣಿಗೆ ಕಂಡದ್ದು ನಾಲ್ಕು ಚೌಕಗಳು. 2025ರ ಮೇ 26ರಂದು ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂನ ಚೌಕ 6 ಕಿ.ಮೀ.ನದು. ಅದೇ ದೂರದಲ್ಲಿ ಈಗ ಎಂಟು ಚೌಕಗಳು.

ಕೇಳಲು ಸಣ್ಣ ಬದಲಾವಣೆ ಅನ್ನಿಸಬಹುದು, ಆದರೆ ಲೆಕ್ಕದ ಹೊರೆ ಹೆಚ್ಚುವ ಬಗೆ ಬೇರೆ. ಚೌಕದ ಬದಿ ಅರ್ಧವಾದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟು. ಚೌಕ ಸಣ್ಣದಾದಷ್ಟೂ ಕಾಲದ ಹೆಜ್ಜೆಯೂ ಸಣ್ಣದಾಗಬೇಕಾದ್ದರಿಂದ ಹೆಜ್ಜೆಗಳು ಸಾಮಾನ್ಯವಾಗಿ ಎರಡು ಪಟ್ಟು. ಒಟ್ಟು ಎಂಟು ಪಟ್ಟು ಕೆಲಸ. ಮುನ್ಸೂಚನೆಯಾದರೋ ಹೊತ್ತಿಗೆ ಸರಿಯಾಗಿ ಕೈಸೇರಬೇಕು, ಮಳೆ ಬಂದು ಹೋದ ಮೇಲೆ ಸಿಗುವ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯಲ್ಲಿ 2018ರಿಂದ ದುಡಿಯುತ್ತಿದ್ದ ಪ್ರತ್ಯೂಷ್ ಯಂತ್ರದ ಸಾಮರ್ಥ್ಯ 4 ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ 4 ಸಾವಿರ ಲಕ್ಷ ಕೋಟಿ ಲೆಕ್ಕ. 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಅರ್ಕ 11.77 ಪೆಟಾಫ್ಲಾಪ್‌ನದು. ನೊಯಿಡಾದಲ್ಲಿರುವ ಅದರ ಜೊತೆಗಾರ ಅರುಣಿಕ 8.24 ಪೆಟಾಫ್ಲಾಪ್‌ನದು. ಹೊಸ ಮಾದರಿಗಾಗಿ ಹೊಸ ಯಂತ್ರಗಳನ್ನೇ ತರಬೇಕಾಯಿತು.

ಇದ್ದ ಯಂತ್ರದಲ್ಲೇ ಥ್ರೆಡ್‌ಗಳನ್ನು ಎರಡು ಪಟ್ಟು ಮಾಡಿ ನಿಭಾಯಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ಹವಾಮಾನದ ಮಾದರಿ ಪ್ರತಿ ತುಂಡಿಗೂ ಮೆಮೊರಿಯಿಂದ ರಾಶಿ ಸಂಖ್ಯೆಗಳನ್ನು ಓದುತ್ತದೆ, ಪ್ರತಿ ಸಂಖ್ಯೆಯ ಮೇಲೆ ಮಾಡುವ ಲೆಕ್ಕ ಮಾತ್ರ ಸ್ವಲ್ಪವೇ. ಹಾಗಾಗಿ ಅದರ ವೇಗಕ್ಕೆ ಮಿತಿ ಹಾಕುವುದು ಮೆಮೊರಿಯಿಂದ ಮಾಹಿತಿ ಹರಿದುಬರುವ ದಾರಿಯ ಅಗಲ. ಕೋರ್ ಇಲ್ಲೂ ಕಾಯುತ್ತಿರುತ್ತದೆ ನಿಜ. ಆದರೆ ಅದು ಒಂದು ಸಂಖ್ಯೆ ಬರಲು ತಡವಾಯಿತೆಂದು ಕಾಯುವುದಲ್ಲ, ದಾರಿ ತುಂಬಿಹೋಗಿದೆಯೆಂದು ಕಾಯುವುದು. ಮೊದಲ ಬಗೆಯ ಕಾಯುವಿಕೆಯನ್ನು ಎರಡನೆಯ ಥ್ರೆಡ್ ತುಂಬಬಲ್ಲದು. ಎರಡನೆಯ ಬಗೆಯದನ್ನು ಅದು ಇನ್ನಷ್ಟು ಹೆಚ್ಚಿಸುತ್ತದೆ. ಎಸ್‌ಎಂಟಿ ಕುರಿತ ಗೊಂದಲಗಳಲ್ಲಿ ಅರ್ಧ ಈ ಒಂದು ವ್ಯತ್ಯಾಸವನ್ನು ಗಮನಿಸದೆ ಹುಟ್ಟಿದವು.

ಬೆಂಗಳೂರಿನ ಯಂತ್ರಗಳಲ್ಲಿ ಇದನ್ನು ಅಂಕಿಗಳಿಂದಲೇ ಕಾಣಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರ ಜನವರಿಯಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್‌ನ ಯಂತ್ರ. ಅದರಲ್ಲಿರುವುದು ಇಂಟೆಲ್‌ನ ಕ್ಯಾಸ್ಕೇಡ್ ಲೇಕ್ ಪೀಳಿಗೆಯ ಜಿಯಾನ್‌ಗಳು. ಆ ಪೀಳಿಗೆಯ ಒಂದು ಪ್ರೊಸೆಸರಿಗೆ ಮೆಮೊರಿಯ ಆರು ದಾರಿಗಳು. 24 ಕೋರ್‌ನ ಪ್ರೊಸೆಸರಾದರೆ ಒಂದು ದಾರಿಗೆ ನಾಲ್ಕು ಕೋರ್ ಬಿದ್ದವು. ಹೈಪರ್‌ಥ್ರೆಡಿಂಗ್ ಹಚ್ಚಿದರೆ ಒಂದು ದಾರಿಗೆ ಎಂಟು ಥ್ರೆಡ್. ದಾರಿಗಳ ಸಂಖ್ಯೆ ಮಾತ್ರ ಆರೇ.

ಅಲ್ಲಿಯೇ 2015ರಲ್ಲಿ ಬಂದ ಸಹಸ್ರ-ಟಿ ದೇಶದ ಮೊದಲ ಪೆಟಾಫ್ಲಾಪ್ ಮಟ್ಟದ ಯಂತ್ರಗಳಲ್ಲೊಂದು. ಕ್ರೇ ಕಂಪನಿಯ ಆ ಎಕ್ಸ್‌ಸಿ40 ಯಂತ್ರದಲ್ಲಿ 1,376 ನೋಡ್‌ಗಳು, ಒಂದೊಂದರಲ್ಲಿ 12 ಕೋರ್‌ನ ಎರಡು ಪ್ರೊಸೆಸರ್, ಒಟ್ಟು 33,024 ಕೋರ್. ಕೋರ್‌ಗೆ ಒಂದು ಥ್ರೆಡ್ ಸಾಕೋ ಎರಡು ಬೇಕೋ ಎಂಬುದನ್ನು ಕೆಲಸ ಒಪ್ಪಿಸುವ ಆಜ್ಞೆಯಲ್ಲೇ ಬರೆಯುವ ಅವಕಾಶ ಕ್ರೇ ಯಂತ್ರಗಳಲ್ಲಿದೆ. ಬರೆಯದೆ ಬಿಟ್ಟರೆ ಒಂದೇ ಎಂದು ಯಂತ್ರ ತಿಳಿಯುತ್ತದೆ. ಅಮೆರಿಕದ ಓಕ್‌ರಿಜ್‌ನಲ್ಲಿರುವ ಫ್ರಂಟಿಯರ್ ಯಂತ್ರದಲ್ಲೂ ಕೇಳದಿದ್ದರೆ ಸಿಗುವುದು ಕೋರ್‌ಗೆ ಒಂದೇ ಥ್ರೆಡ್. ಜಪಾನಿನ ಫುಗಾಕು ಇನ್ನೂ ಮುಂದೆ ಹೋಗಿದೆ: ಅದರ 48 ಕೋರ್‌ನ ಎ64ಎಫ್‌ಎಕ್ಸ್ ಪ್ರೊಸೆಸರಿನಲ್ಲಿ ಎಸ್‌ಎಂಟಿಯೇ ಇಲ್ಲ. ಅದರ ವಿನ್ಯಾಸಕಾರರು ಒತ್ತು ಕೊಟ್ಟದ್ದು ಮೆಮೊರಿಯನ್ನು ಪ್ರೊಸೆಸರಿನ ಮಗ್ಗುಲಿಗೇ ತಂದು ದಾರಿಯನ್ನು ಅಗಲ ಮಾಡುವುದಕ್ಕೆ. 2020ರಿಂದ ಎರಡು ವರ್ಷ ಅದು ಜಗತ್ತಿನ ಅತಿ ವೇಗದ ಯಂತ್ರವಾಗಿತ್ತು.

ಸೂಪರ್‌ಕಂಪ್ಯೂಟರ್‌ಗಳಲ್ಲಿ ಇನ್ನೊಂದು ತೊಡಕೂ ಇದೆ. ಸಾವಿರಾರು ಕೋರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡಾಗ ಪ್ರತಿ ಹೆಜ್ಜೆಯ ಕೊನೆಗೂ ಎಲ್ಲವೂ ಒಂದೆಡೆ ಸೇರಿ ಗಡಿಭಾಗದ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳಬೇಕು. ಒಂದು ಹಿಂದೆ ಬಿದ್ದರೆ ಉಳಿದವೆಲ್ಲ ಅದಕ್ಕಾಗಿ ನಿಲ್ಲುತ್ತವೆ. ಥ್ರೆಡ್‌ಗಳು ಎರಡು ಪಟ್ಟಾದರೆ ಹೀಗೆ ಸೇರಬೇಕಾದವರ ಸಂಖ್ಯೆಯೂ ಎರಡು ಪಟ್ಟು, ವಿನಿಮಯದ ಖರ್ಚೂ ಹೆಚ್ಚು. ಆದರೂ ಎಸ್‌ಎಂಟಿಗೆ ಇಲ್ಲೊಂದು ಒಳ್ಳೆಯ ಉಪಯೋಗವಿದೆ. ಲೆಕ್ಕಕ್ಕೆ ಕೋರ್‌ನ ಒಂದು ಥ್ರೆಡ್ಡನ್ನಷ್ಟೇ ಕೊಟ್ಟು ಎರಡನೆಯದನ್ನು ಆಪರೇಟಿಂಗ್ ಸಿಸ್ಟಂನ ಚಿಲ್ಲರೆ ಕೆಲಸಗಳಿಗೆ ಬಿಟ್ಟರೆ, ಆ ಕೆಲಸಗಳು ಬಂದಾಗ ಮುಖ್ಯ ಲೆಕ್ಕ ಪೂರ್ತಿ ನಿಲ್ಲಬೇಕಾಗಿಲ್ಲ.

ನಾಡಿನ ವಿಜ್ಞಾನಿಗಳಿಗೆ ಈ ಪಾಠ ಹೊಸದಲ್ಲ. 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಫ್ಲೋಸಾಲ್ವರ್ ಎಂಬ ಸಮಾನಾಂತರ ಕಂಪ್ಯೂಟರ್ ತಯಾರಾಯಿತು. ಅದು ಈ ಬಗೆಯಲ್ಲಿ ದೇಶದ ಮೊದಲನೆಯದೆಂದು ಹೆಸರಾಗಿದೆ. ದ್ರವ ಮತ್ತು ಗಾಳಿಯ ಹರಿವಿನ ಲೆಕ್ಕಕ್ಕೆಂದು ಹುಟ್ಟಿದ ಅದರ ಮುಂದಿನ ಪೀಳಿಗೆಗಳಲ್ಲಿ ಮುಂಗಾರಿನ ಮಾದರಿಗಳೂ ಓಡಿದವು. ಲೆಕ್ಕದ ಸ್ವಭಾವ ಯಾವುದೆಂದು ಮೊದಲು ನೋಡಿ ಅದಕ್ಕೆ ತಕ್ಕ ಯಂತ್ರ ಕಟ್ಟಿದ ಆ ಕ್ರಮದ ಬಗ್ಗೆ ನನಗೆ ದೊಡ್ಡ ಗೌರವವಿದೆ.

ವಿಜ್ಞಾನದ ಲೆಕ್ಕಗಳೆಲ್ಲವೂ ಎಸ್‌ಎಂಟಿಗೆ ಒಗ್ಗದವು ಎಂದು ಇದರಿಂದ ತಿಳಿಯಬಾರದು. ಜೀವಿಗಳ ವಂಶವಾಹಿಯ ತುಣುಕುಗಳನ್ನು ಹೊಂದಿಸುವ ಕೆಲಸದಲ್ಲಿ, ಸಾಮಾಜಿಕ ಜಾಲದಂಥ ಸಂಬಂಧಗಳ ಬಲೆಯನ್ನು ಶೋಧಿಸುವ ಕೆಲಸದಲ್ಲಿ, ಪ್ರೋಗ್ರಾಂ ಮೆಮೊರಿಯ ಯಾವ ಮೂಲೆಗೆ ಹೋಗುವುದೆಂದು ಮೊದಲೇ ಗೊತ್ತಿರುವುದಿಲ್ಲ. ದಾರಿ ಖಾಲಿಯೇ ಇರುತ್ತದೆ, ಆದರೆ ಪ್ರತಿ ಓದಿಗೂ ನೂರಾರು ಬಡಿತಗಳ ಕಾಯುವಿಕೆ. ಇಲ್ಲಿ ಎರಡನೆಯ ಥ್ರೆಡ್ ಭಾರೀ ನೆರವಾಗುತ್ತದೆ. ಐಬಿಎಂ ಒಂದು ಕೋರ್‌ಗೆ ಎಂಟು ಥ್ರೆಡ್ ಕೊಟ್ಟದ್ದೂ ದೊಡ್ಡ ಡೇಟಾಬೇಸ್‌ಗಳ ಇಂಥ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಭದ್ರತೆಯ ಮಾತನ್ನೂ ಆಡಬೇಕು. ಒಂದೇ ಕ್ಯಾಶ್ ಹಂಚಿಕೊಂಡ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಚಲನವಲನವನ್ನು ಊಹಿಸಬಲ್ಲ. ಹೈಪರ್‌ಥ್ರೆಡಿಂಗ್ ಮೂಲಕ ಗುಪ್ತ ಕೀಲಿಗಳನ್ನು ಕದಿಯಬಹುದೆಂದು ಸಂಶೋಧಕ ಕಾಲಿನ್ ಪರ್ಸಿವಲ್ 2005ರಲ್ಲೇ ತೋರಿಸಿದ್ದರು. 2018ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಂ ಇಂಟೆಲ್ ಯಂತ್ರಗಳಲ್ಲಿ ಇದನ್ನು ತಾನಾಗಿಯೇ ಆರಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಫೋರ್‌ಶ್ಯಾಡೊ, ಮರುವರ್ಷ ಜಾಂಬಿಲೋಡ್ ಎಂಬ ದೋಷಗಳು ಬಯಲಾದಾಗ ಗೂಗಲ್ ತನ್ನ ಕ್ರೋಮ್ ಓಎಸ್‌ನಲ್ಲೂ ಆರಿಸಿತು. ಮನೆಯ ಯಂತ್ರಕ್ಕೆ ಇದರ ಭಯ ಕಡಿಮೆ. ಅಪರಿಚಿತರ ಕೆಲಸಗಳು ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಓಡುವ ಕ್ಲೌಡ್ ಸೇವೆಗೆ ಇದು ಗಂಭೀರ ವಿಷಯ. ಕ್ಲೌಡ್ ಬಾಡಿಗೆಗೆ ಪಡೆಯುವವರು ಇನ್ನೊಂದನ್ನೂ ಗಮನಿಸಬೇಕು. ಅಲ್ಲಿ ವಿ-ಸಿಪಿಯು ಒಂದು ಎಂದರೆ ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಥ್ರೆಡ್, ಎಂದರೆ ಅರ್ಧ ಕೋರ್. ಅಮೆಜಾನ್‌ನ ಗ್ರ್ಯಾವಿಟಾನ್ ಪ್ರೊಸೆಸರಿನಲ್ಲಿ ಅದು ಪೂರ್ತಿ ಕೋರ್. ಹೆಸರು ಒಂದೇ ಇದ್ದರೂ ದುಡ್ಡಿಗೆ ಸಿಗುವ ಸರಕು ಬೇರೆ.

ತಯಾರಕರೇ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಆಪಲ್ ತನ್ನ ಎಂ ಸರಣಿಯಲ್ಲಿ ಎಸ್‌ಎಂಟಿಯನ್ನು ಇಟ್ಟೇ ಇಲ್ಲ. 2024ರಲ್ಲಿ ಇಂಟೆಲ್ ತನ್ನ ಲೂನಾರ್ ಲೇಕ್, ಆರೋ ಲೇಕ್ ಪ್ರೊಸೆಸರುಗಳಿಂದ ಹೈಪರ್‌ಥ್ರೆಡಿಂಗನ್ನು ತೆಗೆದುಹಾಕಿತು. ಸಣ್ಣ ಸಣ್ಣ ಕೋರ್‌ಗಳನ್ನು ಸೇರಿಸಿದರೆ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಎಂಬುದು ಆ ತೀರ್ಮಾನದ ಹಿಂದಿನ ಲೆಕ್ಕ. 2025ರಲ್ಲಿ ಅದೇ ಕಂಪನಿಯ ಮುಖ್ಯಸ್ಥ ಲಿಪ್-ಬು ಟಾನ್, ಸರ್ವರ್ ಪ್ರೊಸೆಸರುಗಳಿಗೆ ಎಸ್‌ಎಂಟಿಯನ್ನು ಮರಳಿ ತರುವುದಾಗಿ ಹೇಳಿದರು. ಅದನ್ನು ಬಿಟ್ಟದ್ದರಿಂದ ಪೈಪೋಟಿಯಲ್ಲಿ ಹಿಂದೆ ಬಿದ್ದೆವೆಂದು ಅವರು ಒಪ್ಪಿಕೊಂಡರು. ಇದರಲ್ಲಿ ವಿರೋಧಾಭಾಸವಿಲ್ಲ. ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪ್‌ನ ಕೆಲಸವೇ ಬೇರೆ, ಸಾವಿರಾರು ಜನರಿಗೆ ಉತ್ತರಿಸುವ ಸರ್ವರ್‌ನ ಕೆಲಸವೇ ಬೇರೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲನೆಯದು, ಕೊಳ್ಳುವಾಗ ಕೋರ್‌ಗಳನ್ನು ಎಣಿಸಿ. ಅದೇ ಪೀಳಿಗೆಯ, ಅದೇ ವರ್ಗದ ಪ್ರೊಸೆಸರುಗಳಲ್ಲಿ 4 ಕೋರ್ 8 ಥ್ರೆಡ್‌ಗಿಂತ 8 ಕೋರ್ 8 ಥ್ರೆಡ್ ಭಾರದ ಕೆಲಸಕ್ಕೆ ಬಹಳ ಮೇಲು. ಲೆಕ್ಕದ ಮಾದರಿ ಓಡಿಸುವ ವಿದ್ಯಾರ್ಥಿ ಥ್ರೆಡ್‌ಗಾಗಿ ಹೆಚ್ಚು ಹಣ ಕೊಡುವ ಬದಲು ರ್ಯಾಮ್‌ನ ಎರಡು ಪಟ್ಟಿಗಳನ್ನು ಜೋಡಿಯಾಗಿ ಹಾಕಿಸಲಿ. ಒಂದೇ ಪಟ್ಟಿ ಇದ್ದರೆ ಮೆಮೊರಿಯ ಒಂದು ದಾರಿ ಮುಚ್ಚಿಯೇ ಇರುತ್ತದೆ, ಎರಡಾದಾಗ ದಾರಿಯ ಅಗಲ ಇಮ್ಮಡಿಯಾಗುತ್ತದೆ.

ಎರಡನೆಯದು, ಟಾಸ್ಕ್ ಮ್ಯಾನೇಜರಿನ ಶೇಕಡಾವಾರನ್ನು ನಂಬಿ ಕೂರಬೇಡಿ. 8 ಕೋರ್ 16 ಥ್ರೆಡ್‌ನ ಯಂತ್ರದಲ್ಲಿ ಎಂಟು ಥ್ರೆಡ್‌ಗಳ ಕೆಲಸ ಕೋರ್‌ಗೊಂದರಂತೆ ಹರಡಿದಾಗ ಬಳಕೆ ಶೇ. 50ರ ಸುಮಾರಿಗೆ ಕಾಣುತ್ತದೆ. ಅರ್ಧ ಶಕ್ತಿ ಬಾಕಿಯಿದೆ ಎಂದು ಇದರ ಅರ್ಥವಲ್ಲ, ಎಂಟೂ ಕೋರ್‌ಗಳು ಆಗಲೇ ದುಡಿಯುತ್ತಿವೆ. ಉಳಿದ ಶೇ. 50ರಿಂದ ಸಿಗುವುದು ಸಾಮಾನ್ಯವಾಗಿ ಇನ್ನೊಂದು ಕಾಲು ಭಾಗದಷ್ಟು ಕೆಲಸ. ಹಾಗೆಯೇ ಶೇ. 100 ಕಂಡಾಕ್ಷಣ ಯಂತ್ರ ಚೆನ್ನಾಗಿ ದುಡಿಯುತ್ತಿದೆ ಎಂದೂ ಅಲ್ಲ. ಮೆಮೊರಿಗಾಗಿ ಕಾಯುವ ಥ್ರೆಡ್ಡನ್ನೂ ಅದು ದುಡಿಯುವ ಲೆಕ್ಕಕ್ಕೇ ಸೇರಿಸುತ್ತದೆ.

ಮೂರನೆಯದು, ನಿಮ್ಮದೇ ಕೆಲಸವನ್ನು ಇಟ್ಟು ಅಳೆಯಿರಿ. ಹೆಚ್ಚಿನ ಯಂತ್ರಗಳ ಬಯೋಸ್‌ನಲ್ಲಿ ಹೈಪರ್‌ಥ್ರೆಡಿಂಗ್ ಅಥವಾ ಎಸ್‌ಎಂಟಿ ಎಂಬ ಹೆಸರಿನಲ್ಲೇ ಇದನ್ನು ಹಚ್ಚುವ, ಆರಿಸುವ ಆಯ್ಕೆ ಇರುತ್ತದೆ. ಒಂದೇ ವಿಡಿಯೊವನ್ನು, ಒಂದೇ ಲೆಕ್ಕವನ್ನು ಎರಡೂ ರೀತಿಯಲ್ಲಿ ಓಡಿಸಿ, ಮುಗಿಯಲು ಹಿಡಿದ ಹೊತ್ತನ್ನು ಬರೆದಿಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಇದಕ್ಕೊಂದು ಎಚ್ಚರ ಬೇಕು. ಯಂತ್ರ ಬಿಸಿಯಾದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಗಾಗಿ ಮೊದಲ ಐದು ನಿಮಿಷದ ಅಳತೆ ಸಾಲದು, ಅರ್ಧ ಗಂಟೆಯಾದರೂ ಓಡಿಸಿ ನೋಡಿ.

ಕೊನೆಯದು ಸಾರ್ವಜನಿಕ ಹಣದ ಮಾತು. ಕಾಲೇಜಿನ ಲ್ಯಾಬ್‌ಗೆ, ಪಂಚಾಯತಿಗೆ, ಸರಕಾರಿ ಕಚೇರಿಗೆ ಕಂಪ್ಯೂಟರ್ ತರಿಸುವವರು ಥ್ರೆಡ್‌ಗಳ ಸಂಖ್ಯೆಯನ್ನು ಅರ್ಹತೆಯಾಗಿ ಬರೆಯಬಾರದು. ನಾವು ಮಾಡುವ ಈ ಕೆಲಸವನ್ನು ಇಷ್ಟು ನಿಮಿಷದಲ್ಲಿ ಮುಗಿಸುವ ಯಂತ್ರ ಬೇಕು ಎಂದು ಬರೆಯಬೇಕು, ಬಂದ ಯಂತ್ರವನ್ನು ಆ ಕೆಲಸ ಕೊಟ್ಟೇ ಪರೀಕ್ಷಿಸಬೇಕು. ಹವಾಮಾನ ಕೇಂದ್ರಗಳು ಸೂಪರ್‌ಕಂಪ್ಯೂಟರ್ ಕೊಳ್ಳುವಾಗ ತಮ್ಮದೇ ಮಾದರಿಯನ್ನು ಓಡಿಸಿ ತೋರಿಸಲು ಕೇಳುವುದು ಜಗತ್ತಿನೆಲ್ಲೆಡೆ ರೂಢಿಯಲ್ಲಿದೆ. ಇಪ್ಪತ್ತು ಕಂಪ್ಯೂಟರ್‌ಗಳ ಲ್ಯಾಬ್‌ಗೂ ಅದೇ ನಿಯಮ ಇರಲಿ. ಅದಕ್ಕೆ ಬೇಕಾದ್ದು ಒಂದು ಗಡಿಯಾರ ಮತ್ತು ಒಂದು ಮಧ್ಯಾಹ್ನದ ಹೊತ್ತು, ಉಳಿಯುವುದು ಮಕ್ಕಳ ಫೀಸಿನ, ಜನರ ತೆರಿಗೆಯ ಹಣ.